ಆರು ತಿಂಗಳ ಕೋರ್ಸು, ಊರಿನದೇ ಪ್ರಾಜೆಕ್ಟು: ಯುಎಕ್ಸ್ ಡಿಸೈನ್ ಕೆಲಸಕ್ಕೆ ಹೊರಟವರಿಗೆ

ಬಿ.ಎ., ಬಿ.ಕಾಂ., ಬಿಸಿಎ, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವವರ ಮೊಬೈಲಿಗೆ ಮೇಲಿಂದ ಮೇಲೆ ಬರುವ ಜಾಹೀರಾತುಗಳಲ್ಲಿ ಇದೂ ಒಂದು: ಕೋಡಿಂಗ್ ಬೇಡ, ಮೂರೇ ತಿಂಗಳು ಸಾಕು, ಯುಎಕ್ಸ್ ಡಿಸೈನರ್ ಆಗಿ, ಕೈತುಂಬ ಸಂಬಳ ಪಡೆಯಿರಿ. ಇದರಲ್ಲಿ ಅರ್ಧ ನಿಜ. ಕೋಡಿಂಗ್ ಕಡ್ಡಾಯವಲ್ಲ, ಯಾವ ಪದವಿಯವರು ಬೇಕಾದರೂ ಈ ಕೆಲಸಕ್ಕೆ ಬರಬಹುದು. ಉಳಿದರ್ಧವನ್ನು ನಂಬಿ ಕಬ್ಬಿನ ಬಿಲ್ಲಿನ ದುಡ್ಡನ್ನೋ ಅವ್ವನ ಬಂಗಾರವನ್ನೋ ಫೀ ಎಂದು ಕಟ್ಟುವ ಮೊದಲು ಈ ಕೆಲಸ ಏನು, ಕಿರು ಕೋರ್ಸುಗಳಿಂದ ಎಷ್ಟು ದೂರ ಹೋಗಬಹುದು, ಅಲ್ಲಿಂದ ಮುಂದೆ ಏನು ಮಾಡಬೇಕು ಎಂದು ತಿಳಿದುಕೊಳ್ಳಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಯುವಕ ಯುವತಿಯರಿಗೆ ಈ ದಾರಿ ಮುಚ್ಚಿಲ್ಲ. ಬೆಂಗಳೂರಿನ ಹುಡುಗರ ಬಳಿ ಇಲ್ಲದ ಒಂದು ಬಂಡವಾಳವೂ ನಿಮ್ಮ ಬಳಿ ಇದೆ. ಅದನ್ನು ಬಳಸಿಕೊಳ್ಳುವುದು ಹೇಗೆ ಎಂದು ಹೇಳುವುದಕ್ಕೇ ಈ ಲೇಖನ.

ಕೆಲಸವನ್ನು ಅರ್ಥ ಮಾಡಿಕೊಳ್ಳಲು ನಿಮ್ಮೂರಿನ ಗ್ರಾಮ ಒನ್ ಕೇಂದ್ರದಲ್ಲಿ ಅರ್ಧ ದಿನ ಕುಳಿತರೆ ಸಾಕು. ಒಬ್ಬ ಅಜ್ಜ ಅರ್ಜಿ ಹಾಕಲು ಬರುತ್ತಾರೆ. ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಆ ಫೋನು ಪುಣೆಯಲ್ಲೋ ಬೆಂಗಳೂರಲ್ಲೋ ದುಡಿಯುವ ಮಗನ ಕೈಯಲ್ಲಿದೆ. ಮಗ ಫೋನ್ ಎತ್ತಿ ಅಂಕಿ ಹೇಳುವಷ್ಟರಲ್ಲಿ ಹೊತ್ತು ಮೀರುತ್ತದೆ, ಪರದೆ ಮೊದಲ ಪುಟಕ್ಕೆ ಮರಳುತ್ತದೆ, ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ಅಜ್ಜ ತನಗೇ ತಿಳಿಯಲಿಲ್ಲ ಎಂದುಕೊಂಡು ಮನೆಗೆ ಹೋಗುತ್ತಾರೆ. ತಪ್ಪು ಅಜ್ಜನದಲ್ಲ. ತುಂಬಿದ ಮಾಹಿತಿ ಉಳಿದುಕೊಳ್ಳುವಂತೆ, ಒಟಿಪಿಗೆ ಇನ್ನಷ್ಟು ಸಮಯ ಸಿಗುವಂತೆ, ಮುಂದೇನು ಮಾಡಬೇಕೆಂದು ಪರದೆಯೇ ಹೇಳುವಂತೆ ಅದನ್ನು ರೂಪಿಸಬಹುದಿತ್ತು. ಬಳಸುವವರು ಎಲ್ಲಿ ಮುಗ್ಗರಿಸುತ್ತಾರೆ ಎಂದು ನೋಡುವುದು, ಯಾಕೆ ಎಂದು ಕೇಳಿ ತಿಳಿಯುವುದು, ಬೇರೆ ದಾರಿಯನ್ನು ಕಾಗದದ ಮೇಲೋ ಕಂಪ್ಯೂಟರಿನಲ್ಲೋ ಬಿಡಿಸುವುದು, ಅದನ್ನು ಮತ್ತೆ ಅದೇ ಜನರ ಕೈಗೆ ಕೊಟ್ಟು ಪರೀಕ್ಷಿಸುವುದು. ಯುಎಕ್ಸ್ ಡಿಸೈನರ್ ಸಂಬಳ ಪಡೆಯುವುದು ಇಷ್ಟಕ್ಕೇ. ಬಣ್ಣ, ಬಟನ್, ಅಕ್ಷರದ ಅಂದ ನೋಡಿಕೊಳ್ಳುವುದಕ್ಕೆ ಯುಐ ಡಿಸೈನ್ ಎನ್ನುತ್ತಾರೆ. ಚಿಕ್ಕ ಕಂಪನಿಗಳಲ್ಲಿ ಎರಡನ್ನೂ ಒಬ್ಬರೇ ಮಾಡುತ್ತಾರೆ.

ಈ ಹುದ್ದೆಯ ಹೆಸರು ಅಮೆರಿಕದಿಂದ ಬಂತು. ಡಾನ್ ನಾರ್ಮನ್ 1993ರಲ್ಲಿ ಆ್ಯಪಲ್ ಕಂಪನಿ ಸೇರಿದಾಗ ಅದನ್ನು ಬಳಕೆಗೆ ತಂದರು. ಆದರೆ ಕೆಲಸ ನಮಗೆ ಹೊಸದಲ್ಲ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಲು ಕಲಿತವರೆಲ್ಲ ಕೆ.ಪಿ. ರಾವ್ ಅವರ ಕೀಲಿಮಣೆಯನ್ನು ಬೆರಳ ತುದಿಯಲ್ಲಿ ಬಲ್ಲರು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆ, ಅಲ್ಪಪ್ರಾಣಕ್ಕೆ ನೇರ ಕೀಲಿ, ಮಹಾಪ್ರಾಣಕ್ಕೆ ಅದೇ ಕೀಲಿಯ ಜತೆ ಶಿಫ್ಟ್, ಒತ್ತಕ್ಷರ ಬೇಕಾದರೆ ನಡುವೆ ಒಂದು 'ಎಫ್'. ಕನ್ನಡ ಬಲ್ಲವರು ಅಕ್ಷರವನ್ನು ಹೇಗೆ ಯೋಚಿಸುತ್ತಾರೋ ಹಾಗೆಯೇ ಯಂತ್ರವನ್ನು ಒಗ್ಗಿಸಿದ್ದು ಅವರ ಹೆಚ್ಚುಗಾರಿಕೆ.

ಇನ್ನೊಂದು ಉದಾಹರಣೆ ಬೆಂಗಳೂರಿನದು. ಈ ಕೆಲಸಕ್ಕೆ ಹೊರಟವರೆಲ್ಲ ಇದನ್ನು ಓದಲೇಬೇಕು ಎಂಬುದು ನನ್ನ ಅಭಿಪ್ರಾಯ. 2005ರಲ್ಲಿ ಆರಂಭವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಇಂದ್ರಾಣಿ ಮೇಧಿ ಮತ್ತು ಸಂಗಡಿಗರು ಓದು ಬರಹ ಬಾರದ ಮನೆಗೆಲಸದ ಹೆಣ್ಣುಮಕ್ಕಳು ಕಂಪ್ಯೂಟರಿನಲ್ಲೇ ಕೆಲಸ ಹುಡುಕಿಕೊಳ್ಳುವಂತೆ ಅಕ್ಷರವೇ ಇಲ್ಲದ ಒಂದು ತೆರೆಯನ್ನು ರೂಪಿಸಿದರು. ಸ್ತ್ರೀ ಜಾಗೃತಿ ಸಮಿತಿಯ ನೆರವಿನಿಂದ ಬೆಂಗಳೂರಿನ ಕೊಳೆಗೇರಿಗಳಿಗೆ ಹೋಗಿ, ಅಲ್ಲಿಯ ಹೆಣ್ಣುಮಕ್ಕಳ ಜತೆ ಕುಳಿತು ಚಿತ್ರಗಳನ್ನು ಒಂದೊಂದಾಗಿ ತೋರಿಸಿ ತಿದ್ದಿದರು. ಪಾತ್ರೆಗಳ ಬರಿಯ ಚಿತ್ರ ಬರೆದರೆ ನೋಡಿದವರು ಅದನ್ನು ಅಡುಗೆಮನೆ ಎಂದು ತಿಳಿದರು. ಪಾತ್ರೆ ತೊಳೆಯುವ ಕೆಲಸ ಎಂದು ಅವರಿಗೆ ಹೊಳೆಯಲಿಲ್ಲ. ಕೆಲಸ ನಡೆಯುತ್ತಿರುವ ಗುರುತು ಚಿತ್ರದಲ್ಲಿ ಬೇಕಿತ್ತು. ನಲ್ಲಿಯಿಂದ ನೀರು ಸುರಿಯುವಂತೆ, ಪಾತ್ರೆಯಿಂದ ಹಬೆ ಏಳುವಂತೆ ಗೆರೆ ಸೇರಿಸಿದ ಮೇಲೆ ಅರ್ಥ ನೇರವಾಗಿ ತಲುಪಿತು. ಫೋಟೋಗಿಂತ ಸರಳ ರೇಖಾಚಿತ್ರವೇ ಹೆಚ್ಚು ಸುಲಭವಾಗಿ ತಿಳಿಯುತ್ತದೆ ಎಂಬುದೂ ಗೊತ್ತಾಯಿತು. ಈ ಅಧ್ಯಯನದ ಪ್ರಬಂಧ ಪ್ರಕಟವಾದದ್ದು 2006ರಲ್ಲಿ. ಇಲ್ಲಿ ದುಬಾರಿ ಸಾಫ್ಟ್‌ವೇರ್ ಮಾಡಿದ ಕೆಲಸ ಕಡಿಮೆ. ಎದುರಿಗಿದ್ದವರು ಏನನ್ನು ನೋಡಿ ಏನೆಂದು ತಿಳಿಯುತ್ತಿದ್ದಾರೆ ಎಂದು ತಾಳ್ಮೆಯಿಂದ ಕೇಳಿದ್ದೇ ಮುಖ್ಯ ಕೆಲಸ.

ಯಾವ ಕೋರ್ಸು, ಎಷ್ಟು ದುಡ್ಡು

ಮೊದಲು ದುಡ್ಡಿಲ್ಲದೆ ಸಿಗುವುದನ್ನು ನೋಡೋಣ. ಐಐಟಿ ಬಾಂಬೆಯ ವಿನ್ಯಾಸ ಶಾಲೆ ಐಡಿಸಿ 1969ರಿಂದ ಇದೆ. ಅದರ ಮುಂದಾಳತ್ವದಲ್ಲಿ ರೂಪುಗೊಂಡ 'ಡಿಸೋರ್ಸ್' ಎಂಬ ಆನ್‌ಲೈನ್ ಕಲಿಕಾ ತಾಣದಲ್ಲಿ ವಿನ್ಯಾಸದ ಪಾಠಗಳು ಉಚಿತವಾಗಿವೆ. ಎನ್‌ಪಿಟಿಇಎಲ್ ಮತ್ತು ಸ್ವಯಂ ವೇದಿಕೆಗಳಲ್ಲಿ ಮನುಷ್ಯ ಮತ್ತು ಕಂಪ್ಯೂಟರಿನ ಒಡನಾಟ ಕುರಿತು ಐಐಟಿ ಪ್ರಾಧ್ಯಾಪಕರ ಪಾಠಗಳಿವೆ. ನೋಡಿ ಕಲಿಯುವುದು ಉಚಿತ. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಿ, ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಈ ಪಾಠಗಳು ತುಸು ಶಾಸ್ತ್ರೀಯವಾಗಿರುತ್ತವೆ, ಆದರೆ ಅಡಿಪಾಯ ಗಟ್ಟಿಯಾಗುತ್ತದೆ. ಮೊದಲ ಎರಡು ವಾರ ಇವುಗಳಲ್ಲೇ ಕಳೆಯಿರಿ. ಆಮೇಲೂ ಆಸಕ್ತಿ ಉಳಿದಿದ್ದರೆ ಮಾತ್ರ ದುಡ್ಡಿನ ಯೋಚನೆ.

ದುಡ್ಡು ಕೊಟ್ಟು ಸೇರುವ ಕಿರು ಕೋರ್ಸುಗಳಲ್ಲಿ ಹೆಚ್ಚು ಹೆಸರಾದದ್ದು ಗೂಗಲ್ ಸಂಸ್ಥೆಯು 2021ರಲ್ಲಿ ಕೋರ್ಸೆರಾ ವೇದಿಕೆಯಲ್ಲಿ ಆರಂಭಿಸಿದ ಯುಎಕ್ಸ್ ಡಿಸೈನ್ ಪ್ರಮಾಣಪತ್ರ. ವಾರಕ್ಕೆ 10 ಗಂಟೆಯಂತೆ ಓದಿದರೆ ಸುಮಾರು ಆರು ತಿಂಗಳ ಹಾದಿ. ಮುಂಚಿನ ಅನುಭವ ಕೇಳುವುದಿಲ್ಲ. ಮುಗಿಯುವಷ್ಟರಲ್ಲಿ ಪೋರ್ಟ್‌ಫೋಲಿಯೊಗೆಂದು ಮೂರು ಪ್ರಾಜೆಕ್ಟುಗಳನ್ನು ಮಾಡಿಸುತ್ತಾರೆ. ಶುಲ್ಕ ತಿಂಗಳ ಲೆಕ್ಕದಲ್ಲಿ ಇರುವುದರಿಂದ ಬೇಗ ಮುಗಿಸಿದವರಿಗೆ ಕಡಿಮೆ ಬೀಳುತ್ತದೆ. ಕಟ್ಟಲಾಗದವರು ಆರ್ಥಿಕ ನೆರವಿಗೆ ಅರ್ಜಿ ಹಾಕಬಹುದು. ಯಾಕೆ ಬೇಕು, ಕಲಿತು ಏನು ಮಾಡುತ್ತೀರಿ ಎಂದು ಬರೆದು ಕೊಡಬೇಕು, ಉತ್ತರಕ್ಕೆ ಕೆಲವು ದಿನ ಕಾಯಬೇಕು. ನಾಚಿಕೆ ಪಡಬೇಡಿ, ಆ ಸೌಲಭ್ಯ ಇರುವುದೇ ನಿಮ್ಮಂಥವರಿಗಾಗಿ. 2002ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ಇಂಟರ್‌ಆ್ಯಕ್ಷನ್ ಡಿಸೈನ್ ಫೌಂಡೇಶನ್ ವಾರ್ಷಿಕ ಸದಸ್ಯತ್ವ ಪಡೆದವರಿಗೆ ತನ್ನ ಕೋರ್ಸುಗಳನ್ನು ತೆರೆದಿಡುತ್ತದೆ. ಓದುವುದರಲ್ಲಿ ಆಸಕ್ತಿ ಇರುವವರಿಗೆ ಇದು ಒಗ್ಗುತ್ತದೆ. ವಿಡಿಯೋ ನೋಡಿಯೇ ಕಲಿಯುವವರಿಗೆ ಮೊದಲಿನದೇ ಲೇಸು.

ಇವೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಹೆದರುವುದು ಇಲ್ಲಿಯೇ. ವಿಡಿಯೋದ ವೇಗ ತಗ್ಗಿಸಿ, ಕೆಳಗೆ ಬರುವ ಬರಹ ಓದುತ್ತ, ಪ್ರತಿ ಪಾಠದ ಸಾರವನ್ನು ನಿಮ್ಮ ಕನ್ನಡದಲ್ಲೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದು ತಿಂಗಳು ಕಳೆಯುವಷ್ಟರಲ್ಲಿ ಅದೇ ಅದೇ ಪದಗಳು ಮರುಕಳಿಸುತ್ತಿರುವುದು ಗೊತ್ತಾಗುತ್ತದೆ. ಸಂದರ್ಶನಕ್ಕೆ ಬೇಕಾದ ಇಂಗ್ಲಿಷು ಎಂದರೆ ನಿಮ್ಮ ಪ್ರಾಜೆಕ್ಟನ್ನು ಹತ್ತು ನಿಮಿಷ ತಡೆಯಿಲ್ಲದೆ ವಿವರಿಸುವಷ್ಟು. ಅಭ್ಯಾಸದಿಂದ ಅದು ಬರುತ್ತದೆ.

ಇನ್ನು ಸಾವಿರ ಸಾವಿರ ಎಣಿಸುವ ಬೂಟ್‌ಕ್ಯಾಂಪುಗಳು. ಇವುಗಳಲ್ಲಿ ಒಳ್ಳೆಯವೂ ಇವೆ. ಮೇಷ್ಟ್ರು ನಿಮ್ಮ ಕೆಲಸವನ್ನು ವಾರ ವಾರ ನೋಡಿ ತಿದ್ದುತ್ತಾರೆಂದರೆ ಕೊಟ್ಟ ದುಡ್ಡಿಗೆ ಬೆಲೆ ಇದೆ. ಸೇರುವ ಮೊದಲು ಹಿಂದಿನ ತಂಡದವರ ಪೋರ್ಟ್‌ಫೋಲಿಯೊ ಕೇಳಿ ನೋಡಿ. ಹತ್ತು ಜನರದ್ದೂ ಅದೇ ಊಟ ತರಿಸುವ ಆ್ಯಪು, ಅದೇ ಬಣ್ಣ, ಅದೇ ಪುಟವಾಗಿದ್ದರೆ ಅಲ್ಲಿ ಕಲಿಸಿದ್ದು ನಕಲು. ಹಿಂದೆ ಕಲಿತ ಇಬ್ಬರ ಹೆಸರನ್ನು ಲಿಂಕ್ಡ್‌ಇನ್‌ನಲ್ಲಿ ನೀವೇ ಹುಡುಕಿ, ಸಂಸ್ಥೆ ಕೊಟ್ಟ ನಂಬರನ್ನು ನೆಚ್ಚದೆ ನೇರವಾಗಿ ಕೇಳಿ. ಕೆಲಸ ಗ್ಯಾರಂಟಿ ಎಂದು ಬಾಯಲ್ಲಿ ಹೇಳಿದ್ದನ್ನು ಕರಾರು ಪತ್ರದಲ್ಲಿ ತೋರಿಸಲು ಹೇಳಿ, ಫೀ ಮರಳಿಸುವ ಷರತ್ತು ಓದಿ. ಕಂತಿನಲ್ಲಿ ಕಟ್ಟಿ ಎನ್ನುವ ಕಡೆ ಎಚ್ಚರವಿರಲಿ. ಎಷ್ಟೋ ಸಲ ಅದು ಹಣಕಾಸು ಕಂಪನಿಯೊಂದು ನಿಮ್ಮ ಅಥವಾ ತಂದೆಯವರ ಹೆಸರಿನಲ್ಲಿ ಕೊಡುವ ಸಾಲವಾಗಿರುತ್ತದೆ. ಕೋರ್ಸು ಅರ್ಧಕ್ಕೆ ಬಿಟ್ಟರೂ ಕಂತು ನಿಲ್ಲುವುದಿಲ್ಲ.

ಕಿರು ಕೋರ್ಸು ಸಾಕಾಗದು, ಪೂರ್ತಿ ಪದವಿಯೇ ಬೇಕು ಎನ್ನುವವರಿಗೆ ಯುಸೀಡ್ ಬರೆದು ಬಿ.ಡಿಸೈನ್, ಸೀಡ್ ಬರೆದು ಎಂ.ಡಿಸೈನ್ ಸೇರುವ ದಾರಿ ಇದೆ. 1961ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ಎನ್‌ಐಡಿಗೆ ಬೆಂಗಳೂರಿನಲ್ಲೂ ಕ್ಯಾಂಪಸ್ ಇದೆ. ಅದರ ಪ್ರವೇಶ ಪರೀಕ್ಷೆ ಬೇರೆ.

ಸಲಕರಣೆಯ ಮಾತು ಚಿಕ್ಕದು. ಲ್ಯಾಪ್‌ಟಾಪ್ ಬೇಕೇ ಬೇಕು, ಮೊಬೈಲಿನಲ್ಲಿ ಈ ಕೆಲಸ ಆಗದು. 8 ಜಿಬಿ ರ್‍ಯಾಮ್ ಇರುವ ಹಳೆಯ ಯಂತ್ರವಾದರೂ ನಡೆಯುತ್ತದೆ. ಉದ್ಯಮದಲ್ಲಿ ಎಲ್ಲರೂ ಬಳಸುವ ಫಿಗ್ಮಾ ಬ್ರೌಸರಿನಲ್ಲೇ ತೆರೆಯುತ್ತದೆ, ಕಲಿಯುವವರಿಗೆ ಅದರ ಉಚಿತ ಖಾತೆ ಸಾಕು. ಮುಕ್ತ ತಂತ್ರಾಂಶವೇ ಬೇಕೆಂದರೆ ಪೆನ್‌ಪಾಟ್ ಇದೆ. ಫಿಗ್ಮಾ ಕಲಿತೆ ಎಂದರೆ ಯುಎಕ್ಸ್ ಕಲಿತೆ ಎಂದು ಭಾವಿಸುವವರು ಬಹಳ. ಉಪಕರಣ ಕೈಗೆ ಒಗ್ಗಲು ಮೂರು ವಾರ ಸಾಕು. ಯಾವ ಪ್ರಶ್ನೆ ಕೇಳಬೇಕು ಎಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಊರಿನದೇ ಪ್ರಾಜೆಕ್ಟು

ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ಪ್ರಮಾಣಪತ್ರ ನೋಡಿ ಯಾರೂ ಕೆಲಸ ಕೊಡುವುದಿಲ್ಲ. ಅದೇ ಕೋರ್ಸಿನ ಅದೇ ಪತ್ರ ಸಾವಿರಾರು ಜನರ ಬಳಿ ಇದೆ. ಕೆಲಸ ಕೊಡುವವರು ನೋಡುವುದು ಪೋರ್ಟ್‌ಫೋಲಿಯೊ, ಅಂದರೆ ನೀವು ಬಿಡಿಸಿದ ಎರಡು ಮೂರು ಸಮಸ್ಯೆಗಳ ಪೂರ್ತಿ ಕಥೆ. ಅದಕ್ಕೆ ಕೇಸ್ ಸ್ಟಡಿ ಎನ್ನುತ್ತಾರೆ. ಕೋರ್ಸಿನವರು ಕೊಟ್ಟ ಕಲ್ಪಿತ ಪ್ರಶ್ನೆಯನ್ನೇ ಬಿಡಿಸಿ ತೋರಿಸಿದರೆ ಗುಂಪಿನಲ್ಲಿ ಕಳೆದುಹೋಗುತ್ತೀರಿ. ನಿಮ್ಮ ತಾಲ್ಲೂಕಿನಲ್ಲಿ ಕೆದಕಿದಲ್ಲೆಲ್ಲ ನಿಜವಾದ ಪ್ರಶ್ನೆ ಇದೆ, ಆ ಜನರು ನಿಮಗೆ ಕಾಕಾ, ಮಾಮಾ, ಅಕ್ಕ ಆಗಬೇಕಾದವರು. ಮಹಾನಗರದ ಡಿಸೈನರಿಗೆ ಒಬ್ಬ ರೈತನ ಜತೆ ಒಂದು ಗಂಟೆ ಮಾತಾಡಲು ಏಜೆನ್ಸಿ ಬೇಕು, ದುಭಾಷಿ ಬೇಕು. ನಿಮಗೆ ಹೊಲದ ಬದುವಿನ ಮೇಲೆ ಕೂರಲು ಅಪ್ಪಣೆಯೂ ಬೇಡ. ಮೊದಲು ಹೇಳಿದ ಬಂಡವಾಳ ಇದೇ.

ಕಬ್ಬನ್ನೇ ತೆಗೆದುಕೊಳ್ಳಿ. ಸಮೀರವಾಡಿ, ಮುಧೋಳ, ಹಿರೇಪಡಸಲಗಿಯ ಕಾರ್ಖಾನೆಗಳ ಸುತ್ತ ಹಂಗಾಮು ಬಂತೆಂದರೆ ಮನೆ ಮನೆಯಲ್ಲೂ ಅದೇ ಮಾತು: ನಮ್ಮ ಪಾಳಿ ಯಾವಾಗ, ಗ್ಯಾಂಗ್ ಯಾವಾಗ ಬರುತ್ತದೆ, ತೂಕ ಎಷ್ಟು ಬಿತ್ತು, ಬಿಲ್ ಯಾವಾಗ ಜಮಾ ಆಗುತ್ತದೆ. ಪರಿಚಯದ ಐದಾರು ರೈತರನ್ನು, ಒಬ್ಬ ಫೀಲ್ಡ್‌ಮನ್‌ನನ್ನು, ಒಬ್ಬ ಟ್ರ್ಯಾಕ್ಟರ್ ಚಾಲಕನನ್ನು ಮಾತಾಡಿಸಿ. 'ಆ್ಯಪ್ ಇದ್ದರೆ ಬಳಸುತ್ತೀರಾ' ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. 'ಹೋದ ಹಂಗಾಮಿನಲ್ಲಿ ಪಾಳಿ ಬಂದದ್ದು ಹೇಗೆ ಗೊತ್ತಾಯಿತ್ರಿ, ಮೊದಲು ಯಾರಿಗೆ ಫೋನ್ ಮಾಡಿದ್ರಿ' ಎಂದು ನಡೆದದ್ದನ್ನು ಕೇಳಿ. ತೂಕದ ಚೀಟಿ ಎಲ್ಲಿ ಇಟ್ಟಿದ್ದಾರೆ ತೋರಿಸಲು ಹೇಳಿ. ಚೀಟಿಯಲ್ಲಿ ಅವರು ಮೊದಲು ಬೆರಳಿಡುವುದು ಯಾವ ಅಂಕಿಯ ಮೇಲೆ ಎಂದು ಗಮನಿಸಿ. ಅಲ್ಲಿ ಹತ್ತು ವಿವರ ಇರಬಹುದು, ಅವರಿಗೆ ಬೇಕಾದದ್ದು ಎರಡೇ ಇರಬಹುದು. ಆ ಎರಡನ್ನು ಪರದೆಯ ನೆತ್ತಿಯ ಮೇಲೆ ದೊಡ್ಡದಾಗಿ ಇಡುವ ನಿಮ್ಮ ತೀರ್ಮಾನಕ್ಕೆ ಆ ಬೆರಳೇ ಸಾಕ್ಷಿ.

ಮುಂದಿನ ಹೆಜ್ಜೆ ಕಾಗದ. ಪೆನ್ಸಿಲಿನಲ್ಲಿ ನಾಲ್ಕು ಪರದೆ ಬರೆದು ಅದೇ ರೈತರ ಮುಂದಿಡಿ. 'ನಿಮ್ಮ ಗಾಡಿಯ ತೂಕ ನೋಡಬೇಕಾಗಿದೆ, ಎಲ್ಲಿ ಒತ್ತುತ್ತೀರಿ' ಎಂದಷ್ಟೇ ಹೇಳಿ ಸುಮ್ಮನಿರಿ. ತಡವರಿಸಿದರೂ ಹೇಳಿಕೊಡಬೇಡಿ, ಎಲ್ಲಿ ತಡವರಿಸಿದರು ಎಂದು ಬರೆದುಕೊಳ್ಳಿ. ಬಳಕೆಯ ಪರೀಕ್ಷೆಗೆ ನೂರು ಜನ ಬೇಕಾಗಿಲ್ಲ. ಐವರ ಜತೆ ಮಾಡಿದರೆ ದೊಡ್ಡ ದೋಷಗಳಲ್ಲಿ ಹೆಚ್ಚಿನವು ಹೊರಬೀಳುತ್ತವೆ ಎಂದು ಈ ಕ್ಷೇತ್ರದ ಹಿರಿಯ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ತಿದ್ದಿ ಮತ್ತೆ ಐವರಿಗೆ ತೋರಿಸಿ. ಆಮೇಲೆ ಫಿಗ್ಮಾ. ಮಾತಾಡಿಸಿದವರ ಒಪ್ಪಿಗೆ ಮೊದಲೇ ಪಡೆಯಿರಿ. ಕೇಸ್ ಸ್ಟಡಿಯಲ್ಲಿ ಅವರ ಹೆಸರು, ನಂಬರು, ಚೀಟಿಯ ಫೋಟೋ ಹಾಗೇ ಹಾಕಬೇಡಿ.

ರಬಕವಿ-ಬನಹಟ್ಟಿಯವರಿಗೆ ಮಗ್ಗಗಳ ಲೋಕವೇ ಇದೆ. ಸೀರೆಯ ಫೋಟೋ ವಾಟ್ಸ್‌ಆ್ಯಪಿನಲ್ಲಿ ಹೋಗುತ್ತದೆ, ಬಣ್ಣ ಬೇರೆ ಕಾಣುತ್ತದೆ, ದಡಿಯ ಅಗಲ, ಸೆರಗಿನ ವಿವರ ತಿಳಿಸಲು ಮತ್ತೆ ಮತ್ತೆ ಫೋನು. ಯಾವ ಆರ್ಡರು ಎಲ್ಲಿಗೆ ಬಂತೆಂಬ ಲೆಕ್ಕ ವಹಿಯಲ್ಲಿ ಒಂದು, ಚಾಟಿನಲ್ಲಿ ಇನ್ನೊಂದು. ಹೊಸ ಆ್ಯಪಿನ ಬದಲು ವಾಟ್ಸ್‌ಆ್ಯಪಿನ ಒಳಗೇ ಕಳಿಸುವ ಒಂದು ಅಚ್ಚುಕಟ್ಟಾದ ಸೀರೆ-ಚೀಟಿಯನ್ನು ರೂಪಿಸಿದರೂ ಅದು ಒಳ್ಳೆಯ ಯುಎಕ್ಸ್ ಕೆಲಸವೇ. ಬೀಳಗಿ ಸೀಮೆಯಲ್ಲಿ ಆಲಮಟ್ಟಿ ಹಿನ್ನೀರಿನಿಂದ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಕುಟುಂಬಗಳಿವೆ. ಪಹಣಿ, ಪರಿಹಾರ, ಹಕ್ಕುಪತ್ರದ ಕಾಗದಗಳನ್ನು ಹಿಡಿದು ಕಚೇರಿ ಅಲೆದವರಿಗೆ 'ನನ್ನ ಅರ್ಜಿ ಈಗ ಯಾರ ಮೇಜಿನ ಮೇಲಿದೆ' ಎಂಬುದೊಂದೇ ಪ್ರಶ್ನೆ. ಅದಕ್ಕೆ ಒಂದೇ ಪರದೆಯಲ್ಲಿ ಉತ್ತರ ಹೇಳುವುದು ಹೇಗೆ ಎಂದು ಯೋಚಿಸಿದರೆ ಆರು ತಿಂಗಳಿನ ಓದಿನ ಪೂರ್ತಿ ಪರೀಕ್ಷೆ ಅಲ್ಲೇ ಆಗುತ್ತದೆ.

ಕನ್ನಡ ಅಕ್ಷರ ಬಲ್ಲವರಿಗೆ ಇನ್ನೂ ಒಂದು ಹೆಚ್ಚಿನ ಅಂಕ ಇದೆ. ಇಂಗ್ಲಿಷಿಗೆಂದು ಅಳತೆ ಮಾಡಿದ ಬಟನ್ನಿನಲ್ಲಿ 'ಸ್ವಾತಂತ್ರ್ಯ', 'ರಾಷ್ಟ್ರೀಯ' ಎಂದು ಬರೆದು ನೋಡಿ. ಒಂದರ ಕೆಳಗೊಂದು ಇಳಿಯುವ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ, ಅಥವಾ ಕೆಳಸಾಲಿನ ದೀರ್ಘ, ಗುಡಿಸುಗಳಿಗೆ ತಾಗುತ್ತದೆ. ಸಾಲುಗಳ ನಡುವಿನ ಅಂತರ ಹೆಚ್ಚಿಸಬೇಕು, ಬಟನ್ನಿನ ಎತ್ತರ ಬೆಳೆಯಲು ಬಿಡಬೇಕು, ಕನ್ನಡ ಪಠ್ಯ ಉದ್ದವಾದರೆ ಎರಡನೆಯ ಸಾಲಿಗೆ ಇಳಿಯಲು ಜಾಗ ಬೇಕು. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮಾ ಮುಂತಾದ ಉಚಿತ ಯೂನಿಕೋಡ್ ಫಾಂಟುಗಳನ್ನು ಒಂದೇ ವಾಕ್ಯದಲ್ಲಿ ಹೋಲಿಸಿ ನೋಡಿ, ಬಿಸಿಲಿನಲ್ಲಿ ಅಗ್ಗದ ಫೋನಿನ ಮೇಲೆ ಓದಿಸಿ ನೋಡಿ. ಜಾಲತಾಣಗಳ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಬಣ್ಣದ ಅಂತರ ಕೇಳುತ್ತದೆ. ಆ್ಯಂಡ್ರಾಯ್ಡ್ ಸೂಚನೆಗಳ ಪ್ರಕಾರ ಒತ್ತುವ ಜಾಗ 48 ಡಿಪಿ ಅಗಲ, ಅಷ್ಟೇ ಎತ್ತರ ಇರಬೇಕು. ಮಗ್ಗದ ಕೆಲಸದಲ್ಲಿ, ಹೊಲದ ಕೆಲಸದಲ್ಲಿ ಒರಟಾದ ಬೆರಳಿಗೆ ಇದು ಎಷ್ಟು ಮುಖ್ಯ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಡದಲ್ಲಿ ಸರಾಗವಾಗಿ ಬರೆಯುವವರು ಯುಎಕ್ಸ್ ರೈಟರ್, ಭಾಷಾ ಸ್ಥಳೀಕರಣ, ಯೂಸರ್ ರಿಸರ್ಚ್ ಹುದ್ದೆಗಳ ಮೇಲೂ ಕಣ್ಣಿಡಿ. ಬಿ.ಎ. ಕನ್ನಡ, ಸಮಾಜಶಾಸ್ತ್ರ, ಪತ್ರಿಕೋದ್ಯಮ ಓದಿದವರಿಗೆ ಇವು ಹತ್ತಿರದ ಬಾಗಿಲು.

ಕೇಸ್ ಸ್ಟಡಿ ಬರೆಯುವಾಗ ಅಂದದ ಪರದೆಗಳನ್ನು ಕೊನೆಗೆ ಇಡಿ. ಸಮಸ್ಯೆ ಯಾರದು, ಯಾರನ್ನು ಕೇಳಿದಿರಿ, ನೀವು ಮೊದಲು ಅಂದುಕೊಂಡದ್ದರಲ್ಲಿ ಯಾವುದು ಸುಳ್ಳಾಯಿತು, ಪರೀಕ್ಷೆಯ ನಂತರ ಏನು ಬದಲಾಯಿಸಿದಿರಿ ಎಂಬುದು ಮೊದಲು ಬರಲಿ. ಹತ್ತು ಚಿಲ್ಲರೆ ಕೆಲಸಗಳಿಗಿಂತ ಹೀಗೆ ಬರೆದ ಎರಡು ಸಾಕು. ಬರೆದ ಮೇಲೆ ಅನುಭವಸ್ಥರಿಂದ ಬೈಸಿಕೊಳ್ಳಿ. ಎಡಿಪಿ ಲಿಸ್ಟ್ ಎಂಬ ವೇದಿಕೆಯಲ್ಲಿ ಬೇರೆ ಬೇರೆ ದೇಶಗಳ ಡಿಸೈನರುಗಳು ಉಚಿತವಾಗಿ ಸಮಯ ಕೊಡುತ್ತಾರೆ. ಬೆಂಗಳೂರಿನಲ್ಲಿರುವ ಕನ್ನಡಿಗ ಡಿಸೈನರುಗಳಿಗೆ ಲಿಂಕ್ಡ್‌ಇನ್‌ನಲ್ಲಿ ಬರೆಯಿರಿ. 'ಕೆಲಸ ಕೊಡಿಸಿ ಸರ್' ಎಂದರೆ ಉತ್ತರ ಬರುವುದು ಕಡಿಮೆ. 'ಕಬ್ಬು ಬೆಳೆಗಾರರ ಜತೆ ಮಾಡಿದ ಈ ಕೆಲಸದ ಎರಡನೆಯ ಪರದೆಯಲ್ಲಿ ಸಂದೇಹವಿದೆ, ನೋಡುತ್ತೀರಾ' ಎಂದು ಕೇಳಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು.

ಕೆಲಸದ ಮಾರುಕಟ್ಟೆಯ ಬಗ್ಗೆ ನೇರವಾಗಿಯೇ ಹೇಳಬೇಕು. 2022ರ ಕೊನೆಯಿಂದ ತಂತ್ರಜ್ಞಾನ ಕಂಪನಿಗಳಲ್ಲಿ ಉದ್ಯೋಗ ಕಡಿತ ನಡೆದು, ಹೊಸಬರಿಗೆ ಜಾಗ ಕಿರಿದಾಗಿದೆ. ಪರದೆಯ ಕರಡನ್ನು ಕ್ಷಣದಲ್ಲಿ ಬಿಡಿಸಿಕೊಡುವ ಎಐ ಉಪಕರಣಗಳೂ ಬಂದಿವೆ. ಬರಿಯ ಪರದೆ ಬಿಡಿಸಲು ಬಂದವರಿಗೆ ಇದು ಕಷ್ಟದ ಕಾಲ. ಜನರ ಬಳಿ ಹೋಗಿ ಕಾರಣ ತಿಳಿದು ಬರುವವರ ಕೆಲಸ ಮಾತ್ರ ಅಷ್ಟು ಸುಲಭಕ್ಕೆ ಯಂತ್ರದ ಪಾಲಾಗದು. ಕೋರ್ಸಿಗೆ ಆರು ತಿಂಗಳಾದರೆ ಕೆಲಸ ಸಿಗಲು ಮತ್ತೆ ಆರು ತಿಂಗಳೋ ಒಂದು ವರ್ಷವೋ ಬೇಕಾದೀತು ಎಂದೇ ಮನೆಯವರಿಗೆ ಹೇಳಿ. ಕೈಯಲ್ಲಿರುವ ಕೆಲಸ ಬಿಡಬೇಡಿ. ಅಂಗಡಿ ಲೆಕ್ಕ, ಟ್ಯೂಷನ್, ಡೇಟಾ ಎಂಟ್ರಿ ಯಾವುದಾದರೂ ಸರಿ, ಅದರ ಪಕ್ಕದಲ್ಲೇ ಕಲಿಯಿರಿ.

ಮೊದಲ ಸಂಬಳದ ಕೆಲಸ ಬೆಂಗಳೂರಿನ ದೊಡ್ಡ ಕಂಪನಿಯದೇ ಆಗಬೇಕಿಲ್ಲ. ರಾಜ್ಯ ಸರ್ಕಾರದ 'ಬಿಯಾಂಡ್ ಬೆಂಗಳೂರು' ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಒಂದು ಕ್ಲಸ್ಟರ್. ಅಲ್ಲಿಯ ಸಣ್ಣ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಬ್ಬರೇ ಡಿಸೈನ್, ಪರೀಕ್ಷೆ, ಗ್ರಾಹಕರ ಮಾತು ಎಲ್ಲ ನೋಡಿಕೊಳ್ಳಬೇಕಾಗುವುದರಿಂದ ಕಲಿಕೆ ಬೇಗ ಆಗುತ್ತದೆ. ನಿಮ್ಮೂರಿನ ಸಹಕಾರಿ ಪತ್ತಿನ ಸಂಘ, ಆಸ್ಪತ್ರೆ, ಕೋಚಿಂಗ್ ಸೆಂಟರ್, ಸೀರೆ ವ್ಯಾಪಾರಿಗಳಲ್ಲಿ ಯಾರದಾದರೂ ಜಾಲತಾಣವನ್ನು ತಿದ್ದಿಕೊಡಿ. ಕಡಿಮೆಯಾದರೂ ಹಣ ಪಡೆಯಿರಿ, ಏನು ಮಾಡಿಕೊಡುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿ. ಸಂದರ್ಶನದ ಹೆಸರಿನಲ್ಲಿ ಕೆಲವರು ವಾರಗಟ್ಟಲೆ ದುಡಿಸಿಕೊಳ್ಳುವ ಪರೀಕ್ಷೆ ಕೊಡುತ್ತಾರೆ. ಒಂದು ದಿನದ ಕೆಲಸ ಮಾಡಿಕೊಡಿ, ಅದಕ್ಕಿಂತ ಹೆಚ್ಚಾದರೆ ಸಂಭಾವನೆ ಕೇಳಿ. ಕೆಲಸ ಕೊಡಲು ಮುಂಗಡ ಹಣ ಕೇಳುವವರಿಗೆ ಉತ್ತರವನ್ನೇ ಕೊಡಬೇಡಿ.

ಒಬ್ಬರೇ ಕಲಿಯುವುದಕ್ಕಿಂತ ಮೂರು ನಾಲ್ಕು ಜನ ಸೇರಿದರೆ ದಾರಿ ಸಾಗುತ್ತದೆ. ಜಮಖಂಡಿಯಲ್ಲಿ ಇಬ್ಬರು, ಬನಹಟ್ಟಿಯಲ್ಲಿ ಒಬ್ಬರು, ಮುಧೋಳದಲ್ಲಿ ಒಬ್ಬರು ಇದ್ದರೂ ಆಯಿತು. ವಾರಕ್ಕೊಮ್ಮೆ ಕಾಲೇಜಿನಲ್ಲೋ ಗ್ರಂಥಾಲಯದಲ್ಲೋ ಕುಳಿತು ಒಬ್ಬರ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸಿ. ಮೊದಲ ಭೇಟಿಗೆ ಪ್ರತಿಯೊಬ್ಬರೂ ಒಂದೊಂದು ಚೀಟಿ ತರಲಿ. ಕಬ್ಬಿನ ತೂಕದ್ದೋ, ಬಸ್ಸಿನದೋ, ವಿದ್ಯುತ್ ಬಿಲ್ಲೋ ಯಾವುದಾದರೂ ಆದೀತು. ಮನೆಯ ಹಿರಿಯರೊಬ್ಬರು ಅದರಲ್ಲಿ ಏನನ್ನು ಹುಡುಕಿದರು, ಎಷ್ಟು ಹೊತ್ತು ಹುಡುಕಿದರು ಎಂದು ಅದರ ಹಿಂಬದಿಯಲ್ಲಿ ಬರೆದಿರಲಿ.